ಸ್ಟಾರ್ಕ್‌ವಿಲ್‌ನಲ್ಲಿ ಮನೆ ಹಿಡಿಯುವವಳಿಗೆ

ಧಾರವಾಡ

ಪ್ರೀತಿಯ ಪುಟ್ಟಿ,

ಸ್ಟಾರ್ಕ್‌ವಿಲ್‌ನ ಮಿಸಿಸಿಪಿ ಸ್ಟೇಟ್ ಯೂನಿವರ್ಸಿಟಿಯಲ್ಲಿ ನಿನಗೆ ಸೀಟು ಸಿಕ್ಕ ಸುದ್ದಿ ಕೇಳಿ ಮನೆಯಲ್ಲಿ ಎಲ್ಲರಿಗೂ ಹಿಗ್ಗು. ಆದರೆ ನಿನ್ನ ಅಮ್ಮ ಫೋನಿನಲ್ಲಿ ಹೇಳಿದ ಒಂದು ಮಾತು ನನಗೆ ಹಿಡಿಸಲಿಲ್ಲ. ‘ಅದೊಂದು ಸಣ್ಣ ಊರು, ಎರಡು ವರ್ಷ ಹೇಗೋ ನೂಕಿ ಡಲ್ಲಾಸ್‌ಗೋ ಅಟ್ಲಾಂಟಾಕ್ಕೋ ಹೋಗಿಬಿಡ್ತೀನಿ’ ಅಂದೆಯಂತೆ. ನಿನ್ನ ವಯಸ್ಸಿನ ಎರಡು ವರ್ಷವನ್ನು ಯಾರಾದರೂ ನೂಕುತ್ತಾರೇನು ಮಗಳೇ? ಆ ಊರಿನ ಅನ್ನ ತಿಂದು ಓದಿದವನು ನಾನು. ನನ್ನ ಆಸೆ ಇಷ್ಟೇ: ಹೋದ ಮೊದಲ ತಿಂಗಳಿನಿಂದಲೇ ನೀನು ಅಲ್ಲಿಯವಳಾಗಿ ಇರಬೇಕು. ಸೂಟ್‌ಕೇಸಿನಿಂದ ಬಟ್ಟೆ ತೆಗೆದು ಉಟ್ಟು ಮತ್ತೆ ಸೂಟ್‌ಕೇಸಿಗೇ ಮಡಚಿಡುವ ಹುಡುಗರನ್ನು ನಾನು ಕಂಡಿದ್ದೇನೆ. ಅವರು ಎಲ್ಲೂ ಇರಲಿಲ್ಲ, ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

ಮೊದಲು ಮನೆಯ ವಿಚಾರ. ನೀನು ಎರಿ ಭೂಮಿಯವರ ಮನೆಯ ಕೂಸು, ಅದು ಅಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ಟಾರ್ಕ್‌ವಿಲ್ ಇರುವುದು ಬ್ಲ್ಯಾಕ್ ಪ್ರೇರಿ ಎಂಬ ಕಪ್ಪು ಮಣ್ಣಿನ ಪಟ್ಟಿಯ ಅಂಚಿನಲ್ಲಿ. ಆ ಪಟ್ಟಿ ಮಿಸಿಸಿಪಿಯ ಈಶಾನ್ಯದಿಂದ ಅಲಬಾಮಾದ ನಡುವಿಗೆ ಬಾಗಿ ಹೋಗುತ್ತದೆ. ನಮ್ಮ ನವಲಗುಂದ, ನರಗುಂದದ ನೆಲದ ಹಾಗೆಯೇ ಅದೂ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಸೀಳು ಬಿಡುತ್ತದೆ. ಅಂಥ ನೆಲದ ಮೇಲಿನ ಕಟ್ಟಡಗಳೂ ಅಲುಗುತ್ತವೆ. ಮನೆ ನೋಡಲು ಹೋದಾಗ ಪ್ರತಿ ಬಾಗಿಲನ್ನೂ ನೀನೇ ಹಾಕಿ ತೆಗೆದು ನೋಡು. ಚೌಕಟ್ಟಿಗೆ ಉಜ್ಜುತ್ತದೆಯೇ, ಚಿಲಕ ಕೂಡುತ್ತದೆಯೇ? ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಬಿರುಕು ಇದೆಯೇ? ಆಮೇಲೆ ಸಿಂಕಿನ ಕೆಳಗಿನ ಕಪಾಟು ತೆರೆದು ಮೂಗು ಒಳಗಿಡು. ದಕ್ಷಿಣದ ಬೇಸಿಗೆಯ ಸೆಕೆಗೆ ತೇವ ಸೇರಿದ ಕಡೆ ಬೂಷ್ಟು ಬೇಗ ಹಿಡಿಯುತ್ತದೆ. ಹೊಸ ಬಣ್ಣ ಕಣ್ಣಿಗೆ ಮೋಸ ಮಾಡಬಹುದು, ಮೂಗಿಗೆ ಮಾಡಲಾರದು.

ಕ್ಯಾಂಪಸ್ಸನ್ನೂ ಊರನ್ನೂ ಸೇರಿಸುವ ‘ಸ್ಮಾರ್ಟ್’ ಬಸ್ಸಿಗೆ ಟಿಕೆಟ್ ಇಲ್ಲ, ಪುಕ್ಕಟೆ. ಕಾರು ಕೊಳ್ಳುವ ತನಕ ನಿನ್ನ ಕಾಲು ಅದೇ. ನಿಲ್ದಾಣ ಎಲ್ಲಿದೆ ಎಂದು ಮೊದಲು ನೋಡಿ ಆಮೇಲೆ ಮನೆ ಆರಿಸು. ಜಿಮ್, ಈಜುಕೊಳದ ಬಣ್ಣದ ಚಿತ್ರ ತೋರಿಸಿ ಹೆದ್ದಾರಿಯ ಆಚೆ ಎಲ್ಲೋ ಮನೆ ಕೊಡುವವರಿದ್ದಾರೆ. ಆ ರಸ್ತೆಗಳಲ್ಲಿ ಕಾಲುದಾರಿಯೇ ಇಲ್ಲದ ಜಾಗಗಳಿವೆ, ಆಗಸ್ಟಿನ ಬಿಸಿಲಲ್ಲಿ ಅಕ್ಕಿಚೀಲ ಹೊತ್ತು ನಡೆಯಬೇಕಾದವಳು ನೀನು. ನನ್ನ ಕೇಳಿದರೆ ಕ್ಯಾಂಪಸ್ಸಿಗೂ ಪೇಟೆಗೂ ನಡುವಿನ ಕಾಟನ್ ಡಿಸ್ಟ್ರಿಕ್ಟ್ ಚೆಂದ. ಪುಟ್ಟ ಪುಟ್ಟ ಬಣ್ಣದ ಮನೆಗಳು, ಮುಂದೆ ಜಗುಲಿ, ನಡೆದಾಡುವ ಬೀದಿ. ಬಾಡಿಗೆ ಕೈಗೆಟುಕದಿದ್ದರೆ ಬಿಡು, ಸಂಜೆ ಹೊತ್ತು ತಿರುಗಾಡಲು ಹೋಗು.

ಇನ್ನು ಕರಾರು. ನಮ್ಮಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಸಹಿ ಹಾಕಿ ಮರೆತುಬಿಡುತ್ತೇವೆ, ಮಾಲೀಕರ ಜೊತೆ ಮಾತಾಡಿ ನಡುವೆ ಬಿಡುತ್ತೇವೆ. ಅಲ್ಲಿ ಆ ಕಾಗದವೇ ಎಲ್ಲ. ಸಾಮಾನ್ಯವಾಗಿ ಹನ್ನೆರಡು ತಿಂಗಳಿನದು. ಡಿಸೆಂಬರಿನಲ್ಲಿ ಬಿಟ್ಟು ಹೊರಟರೂ ಜುಲೈವರೆಗಿನ ಬಾಡಿಗೆ ನಿನ್ನ ತಲೆಯ ಮೇಲೆ ಬರಬಹುದು. ಗೆಳತಿಯರೊಡನೆ ಹಿಡಿಯುವುದಾದರೆ ಒಂದು ಸಂಗತಿಯನ್ನು ಬೆರಳಿಟ್ಟು ಹುಡುಕು: ಕರಾರು ಇಡೀ ಮನೆಗೋ, ನಿನ್ನ ಕೋಣೆಗೆ ಮಾತ್ರವೋ? ಇಡೀ ಮನೆಗೆ ಎಲ್ಲರೂ ಒಟ್ಟಾಗಿ ಸಹಿ ಹಾಕಿದ್ದರೆ, ಒಬ್ಬಳು ಊರು ಬಿಟ್ಟಾಗ ಅವಳ ಪಾಲನ್ನೂ ಉಳಿದವರಿಂದಲೇ ಕೇಳುತ್ತಾರೆ. ಸ್ನೇಹಗಳು ಮುರಿದದ್ದನ್ನು ನಾನು ಹೆಚ್ಚಾಗಿ ಕಂಡದ್ದು ಈ ವಿಷಯದಲ್ಲೇ. ಕೋಣೆಗೊಂದು ಕರಾರು ಮಾಡಿಕೊಡುವ ಕಡೆ ಬಾಡಿಗೆ ತುಸು ಜಾಸ್ತಿಯಾದರೂ ಅದನ್ನೇ ಹಿಡಿ.

ಡಿಪಾಸಿಟ್ ನಮ್ಮ ಬೆಂಗಳೂರಿನಷ್ಟು ಭಾರವಿಲ್ಲ, ಹೆಚ್ಚಾಗಿ ತಿಂಗಳ ಬಾಡಿಗೆಯ ಆಸುಪಾಸು. ಅದನ್ನು ಮರಳಿ ಪಡೆಯುವ ತಯಾರಿ ಒಳಗೆ ಕಾಲಿಟ್ಟ ದಿನವೇ ಶುರು. ಸಾಮಾನು ಬಿಚ್ಚುವ ಮುನ್ನ ಕಾರ್ಪೆಟ್ಟಿನ ಕಲೆ, ಗೋಡೆಯ ತೂತು, ಒಲೆಯ ಒಳಭಾಗ ಎಲ್ಲದರ ಫೋಟೋ ತೆಗೆದು ಆ ದಿನವೇ ಮಾಲೀಕರಿಗೆ ಇಮೇಲ್ ಮಾಡು. ಮಿಸಿಸಿಪಿಯ ಕಾಯ್ದೆ ಪ್ರಕಾರ ನೀನು ಮನೆ ಬಿಟ್ಟುಕೊಟ್ಟು ಹಣ ಕೇಳಿದ ಮೇಲೆ 45 ದಿನದೊಳಗೆ ಅವರು ಹಿಂದಿರುಗಿಸಬೇಕು. ಏನಾದರೂ ಮುರಿದುಕೊಂಡರೆ ಯಾವುದಕ್ಕೆ ಎಷ್ಟು ಎಂದು ಬರೆದು ಕೊಡಬೇಕು. ಬಾಯಿಮಾತಲ್ಲಿ ಕೇಳಬೇಡ, ಬರಹದಲ್ಲಿ ಕೇಳು, ಹೊಸ ವಿಳಾಸವನ್ನೂ ಅದರಲ್ಲೇ ಕೊಡು. ಕರೆಂಟು, ನೀರಿನ ಖಾತೆ, ಬಾಡಿಗೆದಾರರ ವಿಮೆ ಇವೆಲ್ಲ ಸಣ್ಣ ಕೆಲಸ, ಮೊದಲ ವಾರದಲ್ಲೇ ಮುಗಿಯುತ್ತವೆ.

ಅಡುಗೆಮನೆಯಲ್ಲಿ ಒಂದು ಪರೀಕ್ಷೆ ಮಾಡು. ಒಲೆಯ ಮೇಲಿನ ಫ್ಯಾನ್ ಹಾಕಿ ಅದರ ಮುಂಭಾಗಕ್ಕೆ ಅಂಗೈ ಒಡ್ಡು. ಗಾಳಿ ಕೈಗೆ ಬಡಿದರೆ ಅದು ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ಜಾಲರಿಯಲ್ಲಿ ಸೋಸಿ ನಿನ್ನ ಮುಖಕ್ಕೇ ಊದುತ್ತದೆ ಎಂದರ್ಥ. ಅಂಥ ಮನೆಯಲ್ಲಿ ಒಣಮೆಣಸಿನಕಾಯಿಯ ಒಗ್ಗರಣೆ ಬಿದ್ದರೆ ಹೊಗೆಯ ಅಲಾರಂ ಕೂಗಿ ಅಕ್ಕಪಕ್ಕದವರೆಲ್ಲ ಹೊರಬರುತ್ತಾರೆ. ಮೊದಲೇ ಕಿಟಕಿ ತೆರೆ, ಉರಿ ಸಣ್ಣದಿರಲಿ. ಅಲಾರಮ್ಮಿಗೆ ಪ್ಲಾಸ್ಟಿಕ್ ಸುತ್ತುವ ಹುಡುಗರ ಮಾತು ಮಾತ್ರ ಕೇಳಬೇಡ, ನಿದ್ದೆಯಲ್ಲಿ ನಿನ್ನ ಜೀವ ಕಾಯುವುದು ಅದೇ.

ಜೀವದ ಮಾತು ಬಂತಲ್ಲ, ಸುಂಟರಗಾಳಿಯ ವಿಷಯವನ್ನು ಅಕ್ಕರೆಯಿಂದಲ್ಲ, ಅಪ್ಪಣೆ ಎಂದೇ ಹೇಳುತ್ತೇನೆ. ಮಾರ್ಚಿನಿಂದ ಮೇವರೆಗೆ, ಮತ್ತೆ ನವೆಂಬರ್ ಸುಮಾರಿಗೆ ಅಲ್ಲಿ ಟೊರ್ನೆಡೊ ಭಯ ಹೆಚ್ಚು. ದಕ್ಷಿಣದಲ್ಲಿ ರಾತ್ರಿಯೂ ಬರುತ್ತದೆ. ‘ವಾಚ್’ ಎಂದರೆ ಬರುವ ಹವೆ ಇದೆ, ಎಚ್ಚರದಿಂದಿರು. ‘ವಾರ್ನಿಂಗ್’ ಎಂದರೆ ಕಣ್ಣಿಗೋ ರೇಡಾರಿಗೋ ಬಿದ್ದಿದೆ, ಆ ಕ್ಷಣವೇ ಅಡಗು. ಕೆಳ ಅಂತಸ್ತು, ಕಿಟಕಿ ಇಲ್ಲದ ಒಳಗೋಣೆ, ಹೆಚ್ಚಾಗಿ ಬಚ್ಚಲುಮನೆ. ಮನೆ ಆರಿಸುವಾಗಲೇ ಅಂಥ ಜಾಗ ಎಲ್ಲಿದೆ ಎಂದು ನೋಡಿಟ್ಟುಕೋ. ಮೇಲಿನ ಅಂತಸ್ತಾದರೆ ಕೆಳಗಿನವರ ಪರಿಚಯ ಮಾಡಿಕೊಂಡು ಮೊದಲೇ ಕೇಳಿಡು. ಫೋನಿನಲ್ಲಿ ಎಚ್ಚರಿಕೆಯ ಸದ್ದನ್ನು ಎಂದೂ ಮುಚ್ಚಬೇಡ, ಸೈರನ್ ಕೂಗಿದಾಗ ವಿಡಿಯೊ ತೆಗೆಯಲು ಬಾಲ್ಕನಿಗೆ ಓಡಬೇಡ.

ಜನರ ವಿಚಾರಕ್ಕೆ ಬಂದರೆ ನನಗೆ ಮಾತು ಮುಗಿಯುವುದಿಲ್ಲ. ದಾರಿಯಲ್ಲಿ ಎದುರಾದ ಅಪರಿಚಿತರು ಹೇಗಿದ್ದೀಯಾ ಅನ್ನುತ್ತಾರೆ, ನಿಂತು ಉತ್ತರ ಕೊಡು. ಹಿರಿಯರಿಗೆ ‘ಮ್ಯಾಮ್’, ‘ಸರ್’ ಅನ್ನುವುದು ಅಲ್ಲಿ ಮನೆಪಾಠ, ನಿನಗೆ ಹೊಸದಲ್ಲ. ಯಾರಾದರೂ ಪಾತ್ರೆ ತುಂಬ ಏನಾದರೂ ಮಾಡಿ ತಂದುಕೊಟ್ಟರೆ ನಮ್ಮ ಪದ್ಧತಿಯಂತೆ ಅದನ್ನು ಬರಿದಾಗಿ ಹಿಂದಿರುಗಿಸಬೇಡ, ನಾಲ್ಕು ಶೇಂಗಾ ಉಂಡಿ ಹಾಕಿ ಕೊಡು. ಚರ್ಚಿಗೆ ಊಟಕ್ಕೆ ಕರೆದರೆ ಸಂಕೋಚಪಡದೆ ಹೋಗಿ ಬಾ; ನಿನ್ನ ನಂಬಿಕೆ ನಿನ್ನ ಬಳಿಯೇ ಇರುತ್ತದೆ. ಒಂದೇ ಎಚ್ಚರ: ಸೊಪ್ಪು, ಕಾಳಿನ ಪಲ್ಯಕ್ಕೂ ಹಂದಿ ಮಾಂಸ ಹಾಕಿ ಬೇಯಿಸುವ ರೂಢಿ ಅಲ್ಲಿ ಇದೆ, ಕೇಳಿ ತಿನ್ನು. ಬೆಂಡೆಕಾಯಿ, ಅಲಸಂದೆ, ಬೇಯಿಸಿದ ಶೇಂಗಾ ಕಂಡಾಗ ಊರ ನೆನಪಾಗುತ್ತದೆ. ಬೆಂಡೆಯೂ ಅಲಸಂದೆಯೂ ಆ ನೆಲಕ್ಕೆ ಸೇರಿದ್ದು ಆಫ್ರಿಕಾದಿಂದ ಗುಲಾಮರಾಗಿ ಎಳೆತಂದವರ ಜೊತೆಗೆ. ಹೊಸ ವರ್ಷದ ದಿನ ಶುಭವೆಂದು ಅಲಸಂದೆ ಉಣ್ಣದ ಮನೆ ಅಲ್ಲಿ ಅಪರೂಪ.

ಅಲ್ಲಿನ ಹತ್ತಿಯ ಕಥೆಯೂ ಹಾಗೆ ಎಳೆತಂದವರ ಬೆವರಿನದೇ. ಆ ಹತ್ತಿ ನಮ್ಮೂರಿಗೂ ಬಂತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನು ಕರೆತಂದು ನಮ್ಮ ಧಾರವಾಡ ಸೀಮೆಯಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿತು. ಅದೇ ಮುಂದೆ ‘ಧಾರವಾಡ ಅಮೆರಿಕನ್’ ಹತ್ತಿ ಎಂದು ಹೆಸರಾಯಿತು. ನೀನು ಹೋಗುತ್ತಿರುವುದು ನಮಗೆ ತೀರ ಪರಕೀಯವಾದ ನೆಲಕ್ಕಲ್ಲ. ಅಲ್ಲಿನ ಕಹಿಯನ್ನೂ ತಿಳಿದುಕೋ. 1878ರಲ್ಲಿ ಸ್ಥಾಪನೆಯಾದ ನಿನ್ನ ಕಾಲೇಜಿಗೆ ಮೊದಲ ಕಪ್ಪು ವಿದ್ಯಾರ್ಥಿ ರಿಚರ್ಡ್ ಹೋಮ್ಸ್ ಸೇರಿದ್ದು 1965ರಲ್ಲಿ. ಅದಕ್ಕೂ ಮುಂಚೆ, 1963ರ ಮಾರ್ಚಿನಲ್ಲಿ, ಕಪ್ಪು ಆಟಗಾರರಿರುವ ಲಯೋಲಾ ತಂಡದೊಡನೆ ಬ್ಯಾಸ್ಕೆಟ್‌ಬಾಲ್ ಆಡಕೂಡದೆಂದು ಕೋರ್ಟಿನ ತಡೆ ಬಂದರೂ ಕಾಲೇಜಿನ ಹುಡುಗರು ಕದ್ದು ರಾಜ್ಯದ ಗಡಿ ದಾಟಿ ಮಿಶಿಗನ್‌ಗೆ ಹೋಗಿ ಆಡಿದರು. ಪಂದ್ಯ ಸೋತರು. ಆಟಕ್ಕೆ ಮುನ್ನ ಎರಡೂ ತಂಡಗಳ ನಾಯಕರು ಕೈಕುಲುಕಿದ ಫೋಟೋ ಹುಡುಕಿ ನೋಡು, ನಿನ್ನ ಕೋಣೆಯ ಗೋಡೆಗೆ ಹಾಕಿಕೊಳ್ಳುವಂಥದ್ದು.

ಕರಾರಿನ ಪ್ರತಿ ಬಂದ ಕೂಡಲೇ, ಸಹಿ ಹಾಕುವ ಮುನ್ನ, ನನಗೆ ಕಳಿಸು. ಒಂದೊಂದೇ ಸಾಲು ಓದಿ ರಾತ್ರಿಯೊಳಗೆ ಉತ್ತರ ಬರೆಯುತ್ತೇನೆ. ನಿನ್ನ ಅತ್ತೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಮಾಡಲು ಕೂತಿದ್ದಾಳೆ. ಬ್ಯಾಗಿನಲ್ಲಿ ಎಷ್ಟು ಕಿಲೋ ಜಾಗವಿದೆ ಎಂದು ಭಾನುವಾರದೊಳಗೆ ತಿಳಿಸು.

ಆಶೀರ್ವಾದಗಳೊಂದಿಗೆ,
ನಿನ್ನ ಸೋದರಮಾವ