ಪುಸ್ತಕದ ಅಂಗಡಿಯೂ ಓದುಗನ ಮುಂಗಡವೂ

ಸಂತೆಯನ್ನೇ ತನ್ನ ಹೆಸರಿನ ಮೊದಲಲ್ಲಿ ಧರಿಸಿದ ಊರು ಸಂತೆಮರಹಳ್ಳಿ. ಕೊಡುವವನೂ ಕೊಳ್ಳುವವನೂ ಒಂದೆಡೆ ಸೇರಿದಾಗಲೇ ಸಂತೆಯಾಗುವುದೆಂಬುದನ್ನು ಇಲ್ಲಿನ ಮಕ್ಕಳಿಗೆ ಬೋಧಿಸಬೇಕಾಗಿಲ್ಲ. ಆದರೆ ರಾಗಿ, ಅವರೆ, ಬೆಲ್ಲಗಳಂತೆ ಪುಸ್ತಕವೂ ಒಂದು ಸರಕೆಂಬುದು, ಅದರ ಅಂಗಡಿ ನಿಲ್ಲುವುದಕ್ಕೆ ಬೇರೆಯೇ ಒಂದು ಆಧಾರ ಬೇಕೆಂಬುದು ಅಷ್ಟಾಗಿ ವಿಚಾರಕ್ಕೆ ಬರುವುದಿಲ್ಲ. ಆ ಆಧಾರ ಯಾವುದೆಂಬುದನ್ನು ಧಾರವಾಡದ ಒಂದು ಅಟ್ಟದ ಚರಿತ್ರೆಯಿಂದ ತಿಳಿಯಬಹುದು.

ಧಾನ್ಯವನ್ನು ಕೊಳ್ಳುವವನಿಗೆ ಹಸಿವೇ ಪ್ರೇರಣೆ. ಪುಸ್ತಕದ ಹಸಿವಾದರೋ ಪುಸ್ತಕವನ್ನು ಕಂಡ ಮೇಲೆಯೇ ಹುಟ್ಟತಕ್ಕದ್ದು. ಆದುದರಿಂದ ಪುಸ್ತಕವೇ ಓದುಗನನ್ನು ಅರಸಿ ಹೋಗಬೇಕಾಗುತ್ತದೆ. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಒಬ್ಬ ಲೇಖಕನ ಹೆಗಲೇ ಅಂದು ಅಂಗಡಿಯಾಗಿತ್ತು.

ಪ್ರಕಾಶಕನ ಕಷ್ಟವೂ ಸಾಮಾನ್ಯವಾದುದಲ್ಲ. ಕಾಗದದ ಬೆಲೆ, ಅಚ್ಚಿನ ಕೂಲಿ, ರಟ್ಟಿನ ವೆಚ್ಚ ಇವೆಲ್ಲವನ್ನೂ ಮೊದಲನೆಯ ಪ್ರತಿ ಮಾರಾಟವಾಗುವ ಮುನ್ನವೇ ತೆರಬೇಕು. ಹಣವಾದರೋ ಒಂದೊಂದು ಪ್ರತಿಯಂತೆ ವರ್ಷಗಟ್ಟಲೆ ಹಿಂದಿರುಗುತ್ತದೆ. ಈ ಅಂತರವನ್ನು ದಾಟಲಾರದೆ ಮುಳುಗಿದ ಸಾಹಸಗಳು ಅನೇಕ.

1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಪ್ರಾರಂಭಿಸಿದಾಗ ಇದಕ್ಕೊಂದು ಉಪಾಯವನ್ನು ಅವಲಂಬಿಸಿದರು. ಓದುಗರು ಚಂದಾದಾರರಾಗಿ ಹಣವನ್ನು ಮುಂಗಡವಾಗಿ ಸಲ್ಲಿಸುವುದು. ಮಾಲೆಯು ಅವರಿಗೆ ವರ್ಷದ ಪುಸ್ತಕಗಳನ್ನು ತಲುಪಿಸುವುದು. ಮುಂದೆ ಬರುವ ಪುಸ್ತಕ ಯಾವುದೆಂದು ಚಂದಾದಾರನು ಕಂಡವನಲ್ಲ. ಕಾಣದ ಪುಸ್ತಕಕ್ಕೆ ಕೊಟ್ಟ ಆ ಹಣವು ಬೆಲೆಯೆನ್ನುವುದಕ್ಕಿಂತ ವಿಶ್ವಾಸವೆನ್ನುವುದೇ ಸರಿ. 'ಜಡಭರತ' ಎಂಬ ಹೆಸರಿನಿಂದ ನಾಟಕಗಳನ್ನು ಬರೆದ ಜೋಶಿಯವರು 1993ರಲ್ಲಿ ತೀರಿಕೊಳ್ಳುವವರೆಗೂ ಈ ವಿಶ್ವಾಸವನ್ನು ಕಾಯ್ದುಕೊಂಡು ಬಂದರು.

ಸುಭಾಸ ರಸ್ತೆಯ ಲಕ್ಷ್ಮೀ ಭವನದಲ್ಲಿ ಮೆಟ್ಟಿಲುಗಳನ್ನೇರಿದರೆ ಈ ಗ್ರಂಥಮಾಲೆಯ ಮನೆ. ಕನ್ನಡ ಸಾಹಿತ್ಯಲೋಕವು ಇದನ್ನು 'ಅಟ್ಟ' ಎಂಬ ಒಂದೇ ಮಾತಿನಿಂದ ಗುರುತಿಸುತ್ತದೆ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಇಲ್ಲಿ ಹಸ್ತಪ್ರತಿಗಳನ್ನು ಓದಿ ಸಲಹೆಯಿತ್ತರು. ಎ. ಕೆ. ರಾಮಾನುಜನ್, ಗಿರೀಶ ಕಾರ್ನಾಡ ಮೊದಲಾದವರು ಇಲ್ಲಿ ಕುಳಿತು ಚರ್ಚಿಸಿದರು. 1961ರಲ್ಲಿ ಕಾರ್ನಾಡರ 'ಯಯಾತಿ' ಇಲ್ಲಿಂದ ಪ್ರಕಟವಾದಾಗ ಅವರಿನ್ನೂ ಇಪ್ಪತ್ತಮೂರರ ತರುಣ, ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿ. 1965ರಲ್ಲಿ ಯು. ಆರ್. ಅನಂತಮೂರ್ತಿಯವರು ಇಂಗ್ಲೆಂಡಿನಲ್ಲಿದ್ದಾಗ ಬರೆದ 'ಸಂಸ್ಕಾರ'ವೂ ಇದೇ ಮಾಲೆಯಲ್ಲಿ ಹೊರಬಂದಿತು. ಹೊಸಬನ ಮೊದಲ ನಾಟಕವನ್ನು, ವಿವಾದಕ್ಕೆ ಎಡೆಗೊಡುವ ಕಾದಂಬರಿಯನ್ನು ಅಚ್ಚಿಸುವ ಧೈರ್ಯಕ್ಕೆ ಮುಂಗಡವಿತ್ತ ಓದುಗರ ಬೆಂಬಲವೂ ಒಂದು ಕಾರಣವೆನ್ನಬೇಕು.

ಇದು ಕನ್ನಡನಾಡಿನ ಅನುಭವ ಮಾತ್ರವಲ್ಲ. 1919ರಲ್ಲಿ ಸಿಲ್ವಿಯಾ ಬೀಚ್ ಎಂಬ ಅಮೆರಿಕದ ಮಹಿಳೆ ಪ್ಯಾರಿಸಿನಲ್ಲಿ 'ಶೇಕ್ಸ್‌ಪಿಯರ್ ಅಂಡ್ ಕಂಪನಿ' ಎಂಬ ಚಿಕ್ಕ ಪುಸ್ತಕದ ಅಂಗಡಿಯನ್ನು ತೆರೆದರು. ಜೇಮ್ಸ್ ಜಾಯ್ಸನ 'ಯೂಲಿಸಿಸ್' ಅಮೆರಿಕದಲ್ಲಿ ನ್ಯಾಯಾಲಯದ ಕೋಪಕ್ಕೆ ಗುರಿಯಾಗಿದ್ದ ಕಾಲದಲ್ಲಿ ಆಕೆ ಓದುಗರಿಂದ ಮುಂಗಡ ಬೇಡಿಕೆಗಳನ್ನು ಸಂಗ್ರಹಿಸಿ, 1922ರಲ್ಲಿ ಅದರ 1000 ಪ್ರತಿಗಳನ್ನು ಪ್ರಕಟಿಸಿದರು. ದೇಶ ಬೇರೆ, ಭಾಷೆ ಬೇರೆ. ಆಧಾರ ಮಾತ್ರ ಒಂದೇ.

ಆ ಆಧಾರವಿಲ್ಲದೆ ಕೇವಲ ಪ್ರೀತಿಯಿಂದ ಅಂಗಡಿ ಉಳಿಯುವುದೆಂದು ಭಾವಿಸಲಾಗದು. ಬೆಂಗಳೂರಿನಲ್ಲಿ 1971ರಿಂದ ನಡೆದ ಪ್ರೀಮಿಯರ್ ಬುಕ್‌ಶಾಪ್ 2009ರಲ್ಲಿಯೂ, ಮಂಗಳೂರಿನಲ್ಲಿ 1975ರಲ್ಲಿ ತೆರೆದ ಅತ್ರಿ ಬುಕ್ ಸೆಂಟರ್ 2012ರಲ್ಲಿಯೂ ಮುಚ್ಚಿದವು. ಮುಚ್ಚಿದಾಗ ಮರುಗಿದವರು ಬಹುಮಂದಿ.

ನಷ್ಟವೆಂದರೇನೆಂಬುದಕ್ಕೆ ನೆರೆಯಲ್ಲಿಯೇ ನಿದರ್ಶನವಿದೆ. ಯಳಂದೂರು ತಾಲ್ಲೂಕಿನ ಅಗರದಲ್ಲಿ 1898ರಲ್ಲಿ ಜನಿಸಿದ ನಾಟಕಕಾರ ಸಂಸರು ಇಪ್ಪತ್ತಕ್ಕೂ ಹೆಚ್ಚು ನಾಟಕಗಳನ್ನು ರಚಿಸಿದರೆಂದು ಪ್ರತೀತಿ. ಇಂದು ದೊರೆಯುವವು ಆರು ಮಾತ್ರ. ಅವರು 1939ರಲ್ಲಿ ತೀರಿಕೊಂಡರು. ಉಳಿದ ಕೃತಿಗಳು ಕೈಗೆ ಸಿಕ್ಕಲಿಲ್ಲ. ಅಚ್ಚಾಗಿ ನೂರು ಮನೆ ಸೇರಿದ ಕೃತಿ ಒಂದು ಮನೆಯಲ್ಲಿ ಗೆದ್ದಲು ಹಿಡಿದರೂ ಇನ್ನೊಂದರಲ್ಲಿ ಬದುಕುತ್ತದೆ. ಒಂದೇ ಹಸ್ತಪ್ರತಿಯಾಗಿ ಉಳಿದುದು ಹೋದರೆ ಹೋಯಿತು.

ವಿದ್ಯಾರ್ಥಿಯು ಎಂದಾದರೂ ಮೈಸೂರಿಗೋ ಧಾರವಾಡಕ್ಕೋ ಹೋದಾಗ ಪುಸ್ತಕದ ಅಂಗಡಿಯೊಂದನ್ನು ಹೊಕ್ಕು ನೋಡತಕ್ಕದ್ದು. ಶುಚಿಯಾದ ಕೈಯಿಂದ ಪುಸ್ತಕವನ್ನೆತ್ತಿ, ಮುನ್ನುಡಿಯ ನಾಲ್ಕು ಸಾಲನ್ನೂ ಪರಿವಿಡಿಯನ್ನೂ ಓದಲಿ. ಪ್ರಕಾಶಕರು ಯಾರು, ಮೊದಲ ಮುದ್ರಣವಾದ ವರ್ಷ ಯಾವುದು, ಎಷ್ಟನೆಯ ಮುದ್ರಣ ಎಂಬುದನ್ನು ಒಳಪುಟದಲ್ಲಿ ಗಮನಿಸಲಿ. ತಿಳಿಯದುದನ್ನು ಅಂಗಡಿಯವರನ್ನು ವಿನಯದಿಂದ ಕೇಳಲಿ. ಬೇಡವಾದುದನ್ನು ತೆಗೆದ ಸ್ಥಳದಲ್ಲಿಯೇ ಇರಿಸಲಿ. ಕೈಯಲ್ಲಿದ್ದ ಹಣಕ್ಕೆ ತಕ್ಕ ಒಂದು ಚಿಕ್ಕ ಪುಸ್ತಕವನ್ನಾದರೂ ಕೊಂಡು ತರಲಿ. ಓದಿ ಗೆಳೆಯನಿಗೆ ಕೊಡಲಿ.

ಬಿತ್ತುವ ರೈತನು ಫಲವನ್ನು ಕಂಡು ಬೀಜ ಚೆಲ್ಲುವವನಲ್ಲ. ಇನ್ನೂ ಬರೆಯದಿರುವ ಪುಸ್ತಕಕ್ಕೆ ಇಂದೇ ಮುಂಗಡವಿಡುವ ಓದುಗನೂ ಅಂಥವನೇ. ಅಂತಹ ಓದುಗರಿರುವ ಊರಿನಲ್ಲಿ ಮತ್ತೊಬ್ಬ ಸಂಸನು ಹುಟ್ಟಿದರೆ ಅವನ ನಾಟಕಗಳು ಕಾಣೆಯಾಗಲಾರವು.