ದಾಂಡೇಲಿಯ ಮಳೆಗೆ ಕಾಕರ್ ಸ್ಪ್ಯಾನಿಯಲ್ ಒಗ್ಗುತ್ತದೆಯೇ?

ಪ್ರಶ್ನೆ: ದಾಂಡೇಲಿಯಲ್ಲಿ ಕಾಡಂಚಿನ ಮನೆ ನಮ್ಮದು. ಆರು ವರ್ಷದ ಮಗಳು ಕಾಕರ್ ಸ್ಪ್ಯಾನಿಯಲ್ ಮರಿ ಬೇಕೆಂದು ಹಟ ಹಿಡಿದಿದ್ದಾಳೆ. ನಾವಿಬ್ಬರೂ ಹಗಲು ಕೆಲಸಕ್ಕೆ ಹೋಗುತ್ತೇವೆ, ಅತ್ತೆ ಮನೆಯಲ್ಲಿರುತ್ತಾರೆ. ಸಾಕಬಹುದೇ?

ಪಶುವೈದ್ಯರ ಉತ್ತರ: ಸಾಕಬಹುದು, ಆದರೆ ನಿಮ್ಮ ಅತ್ತೆಯವರು ಮನಸಾರೆ ಒಪ್ಪಿದರೆ ಮಾತ್ರ. ಈ ತಳಿ ಪ್ರೀತಿಯ ಸ್ವಭಾವದ್ದು, ಒಂಟಿತನ ಸಹಿಸದು. ಹಕ್ಕಿ ಬೇಟೆಗೆಂದು ಬೆಳೆಸಿದ ನಾಯಿಯಾದ್ದರಿಂದ ದಿನವೂ ಓಡಾಟ ಬೇಕು.

ಮರಿಗೆ ಕನಿಷ್ಠ 8 ವಾರ ತುಂಬಿರಲಿ. ತಾಯಿನಾಯಿಯನ್ನು ಕಣ್ಣಾರೆ ನೋಡಿ. ಅದು ಅಂಜುಬುರುಕಿಯೋ ಸಿಡುಕಿಯೋ ಆಗಿದ್ದರೆ ಆ ಮರಿ ಬೇಡ. ನಾಯಿ ಉಣ್ಣುವಾಗ, ಮಲಗಿರುವಾಗ ಮಗಳು ಮುಟ್ಟಬಾರದು. ಇಬ್ಬರನ್ನೇ ಬಿಟ್ಟು ಹೋಗಬೇಡಿ.

ನಮ್ಮ ಜೊಯಿಡಾ, ದಾಂಡೇಲಿ ಕಡೆಯ ಮಳೆಗಾಲದಲ್ಲಿ ಇದರ ಜೋಲುಕಿವಿಯೊಳಗೆ ತೇವ ನಿಂತು ಸೋಂಕಾಗುವುದು ಹೆಚ್ಚು. ನೆನೆದಾಗಲೆಲ್ಲ ಕಿವಿ ಒರೆಸಿ ಒಣಗಿಸಿ, ಎಣ್ಣೆ ಹಾಕಬೇಡಿ. ತಿರುಗಾಡಿ ಬಂದ ಮೇಲೆ ಕಿವಿ, ಕಂಕುಳು, ಬೆರಳ ಸಂದಿಯಲ್ಲಿ ಉಣುಗು ಹುಡುಕಿ ತೆಗೆಯಿರಿ. ಉಣುಗು ತಡೆಯುವ ಔಷಧಿಯನ್ನು ತೂಕ ನೋಡಿಯೇ ವೈದ್ಯರು ಕೊಡಬೇಕು. ಚಿರತೆ ಓಡಾಡುವ ಊರು. ರಾತ್ರಿ ನಾಯಿ ಮನೆಯೊಳಗೇ ಇರಲಿ.

ರೇಬಿಸ್ ಲಸಿಕೆಯನ್ನು 3 ತಿಂಗಳಿಗೆ ಹಾಕಿಸಿ, ಮುಂದಿನ ಡೋಸ್‌ಗಳನ್ನು ತಪ್ಪಿಸಬೇಡಿ. ನಾಯಿ ಯಾರಿಗಾದರೂ ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು, ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

ಕಿವಿ ನಾರಿದರೆ, ತಲೆ ಪದೇಪದೇ ಕೊಡವಿದರೆ, ಜ್ವರ ಬಂದು ಊಟ ಬಿಟ್ಟರೆ, ಒಸಡು ಬಿಳಚಿಕೊಂಡರೆ ಅದೇ ದಿನ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಇಷ್ಟು ಆರೈಕೆಗೆ ಸಮಯವಿಲ್ಲದಿದ್ದರೆ ಗಿಡ್ಡ ಕೂದಲಿನ ಊರನಾಯಿ ಮರಿಯನ್ನೇ ತನ್ನಿ. ಅದರ ಕಿವಿ, ಕೂದಲಿನ ಆರೈಕೆ ಸುಲಭ.