ಕಿವಿ ತುರಿಸಿತು ಅಂತ ಬಡ್ ಹಾಕಬೇಡಿ!

ದೋಹಾದಲ್ಲಿ ಬೇಸಿಗೆ ಬಂದರೆ ನಾವೆಲ್ಲ ಎಲ್ಲಿರ್ತೀವಿ? ಸ್ವಿಮ್ಮಿಂಗ್ ಪೂಲ್‌ನಲ್ಲಿ! ಕಳೆದ ವರ್ಷ ನಾನೂ ದಿನಾ ಈಜಿದೆ. ಕಿವಿ ತುರಿಸಿತು, ಇಯರ್ ಬಡ್ ಹಾಕಿ ತಿರುವಿದೆ. ಮೂರನೇ ರಾತ್ರಿ ನೋವಿನಿಂದ ನಿದ್ದೆಯೇ ಇಲ್ಲ. ಊರಿಂದ ಅಜ್ಜಿ ಫೋನಿನಲ್ಲಿ, "ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಎರಡು ಹನಿ ಬಿಡು" ಅಂದ್ರು. ಅಪ್ಪ ಮಾತ್ರ "ಮೊದಲು ಡಾಕ್ಟರ್ ನೋಡಲಿ" ಅಂತ ಹೆಲ್ತ್ ಸೆಂಟರ್‌ಗೆ ಕರೆದುಕೊಂಡು ಹೋದರು. ಅಲ್ಲಿ ಕಲಿತದ್ದನ್ನು ನಿಮಗೂ ಹೇಳ್ತೀನಿ.

ಯಾಕೆ ಬರುತ್ತದೆ?
ಹೊರಗೆ ಕಾಣುವ ಆಲಿಕೆಯಿಂದ ಒಳಗಿನ ತಮಟೆಯವರೆಗೆ ಒಂದು ಕಿರಿದಾದ ನಾಳವಿದೆ. ದೊಡ್ಡವರಲ್ಲಿ ಅದರ ಉದ್ದ ಸುಮಾರು 2.5 ಸೆಂಟಿಮೀಟರ್. ಗುಗ್ಗೆ ಅಂದರೆ ಕೊಳೆ ಅಂದ್ಕೊಂಡಿದ್ದೀರಾ? ಅಲ್ಲ, ಅದು ನಾಳದ ಚರ್ಮವನ್ನು ಕಾಯುವ ಕಾವಲುಗಾರ. ಬಡ್ ಹಾಕಿದರೆ ಗುಗ್ಗೆ ಹೋಗುತ್ತದೆ, ಚರ್ಮ ಗೀರುತ್ತದೆ. ಒಳಗೆ ನೀರೂ ನಿಂತರೆ ಸ್ಯೂಡೋಮೊನಾಸ್, ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾಗಳಿಗೆ ಹಬ್ಬ! ಇದೇ ಹೊರಕಿವಿಯ ಸೋಂಕು. ಕೆಲವೊಮ್ಮೆ ಶಿಲೀಂಧ್ರದಿಂದಲೂ ಬರುತ್ತದೆ. ಅದರ ಔಷಧಿಯೇ ಬೇರೆ.

ಡಾಕ್ಟರ್ ಹೇಗೆ ಕಂಡುಹಿಡಿದರು?
ಕಿವಿಯನ್ನು ಮೆಲ್ಲಗೆ ಹಿಡಿದು ಎಳೆದರು (ಮೇಷ್ಟ್ರು ಹಿಂಡಿದ ಹಾಗಲ್ಲ!). ನಾನು ಕಿರುಚಿದೆ. ನೆಗಡಿಯಾದ ಮೇಲೆ ಬರುವ ನಡುಕಿವಿಯ ನೋವು ಸಾಮಾನ್ಯವಾಗಿ ಹೀಗೆ ಎಳೆದರೆ ಹೆಚ್ಚಾಗುವುದಿಲ್ಲ. ಆಮೇಲೆ ಓಟೋಸ್ಕೋಪ್‌ನಿಂದ ತಮಟೆ ತೂತಾಗಿದೆಯೇ ಎಂದು ನೋಡಿದರು. ತೂತಿದ್ದರೆ ಕೆಲವು ಔಷಧಿಗಳು ಒಳಕಿವಿಗೆ ಹಾನಿ ಮಾಡಬಹುದು. ಅದಕ್ಕೇ ನೋಡದೆ ಎಣ್ಣೆಯನ್ನೂ ಬಿಡಬಾರದು.

ಚಿಕಿತ್ಸೆ ಏನು?
ಮೊದಲು ಕೀವನ್ನು ಶುಚಿ ಮಾಡಿದರು. ನೋವಿಗೆ ಮಾತ್ರೆ, ಸೋಂಕಿಗೆ ಆಂಟಿಬಯಾಟಿಕ್ ಹನಿ ಕೊಟ್ಟರು. ಹನಿ ನೇರವಾಗಿ ಸೋಂಕಿನ ಜಾಗಕ್ಕೇ ಹೋಗುವುದರಿಂದ ಹೆಚ್ಚಿನವರಿಗೆ ಆಂಟಿಬಯಾಟಿಕ್ ಮಾತ್ರೆ ಬೇಕಾಗುವುದಿಲ್ಲ. ನಾಳ ಊದಿ ಮುಚ್ಚಿಕೊಂಡಿದ್ದರೆ ಸ್ಪಂಜಿನಂಥ ಸಣ್ಣ ಬತ್ತಿ ಇಡುತ್ತಾರೆ. ಅದು ಹನಿಯನ್ನು ಹೀರಿ ಒಳಗೆ ಮುಟ್ಟಿಸುತ್ತದೆ.

ಹನಿ ಹಾಕುವ ಕ್ರಮ:
1. ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ತಣ್ಣಗಿದ್ದರೆ ತಲೆ ಸುತ್ತಬಹುದು.
2. ನೋವಿನ ಕಿವಿ ಮೇಲೆ ಬರುವಂತೆ ಮಲಗಿ. ಬೇರೆಯವರು ಹನಿ ಹಾಕಲಿ.
3. 3ರಿಂದ 5 ನಿಮಿಷ ಹಾಗೇ ಮಲಗಿರಿ.

ಎರಡು ಮೂರು ದಿನಕ್ಕೆ ನೋವು ಇಳೀತು. "ಸಾಕು" ಅಂದೆ. ಅಮ್ಮ ಬಿಡಲಿಲ್ಲ, ಡಾಕ್ಟರ್ ಹೇಳಿದ 7 ದಿನವೂ ಹಾಕಿದರು. ಕಿವಿಗೆ ನೀರು ತಾಗಿಸುವಂತಿಲ್ಲ, ಪೂಲ್‌ಗೂ ರಜೆ!

ಇದನ್ನು ಮರೀಬೇಡಿ
ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಸೋಂಕು ಅಪರೂಪಕ್ಕೆ ತಲೆಬುರುಡೆಯ ಮೂಳೆಗೂ ಹರಡಬಹುದು, ಪ್ರಾಣಕ್ಕೇ ಅಪಾಯ ಎಂದರು ಡಾಕ್ಟರ್. ನನಗೆ ಎದೆ ಧಸಕ್ಕೆಂದಿತು. ನಮ್ಮ ಅಜ್ಜಿಗೆ ಸಕ್ಕರೆ ಕಾಯಿಲೆ ಇದೆ, ಕಿವಿ ತುರಿಸಿದರೆ ಹೇರ್‌ಪಿನ್ ಹಾಕ್ತಾರೆ! ಅವತ್ತೇ ಫೋನ್ ಮಾಡಿದೆ: "ಅಜ್ಜಿ, ಇನ್ಮೇಲೆ ಪಿನ್ ತಲೆಗೆ ಮಾತ್ರ!"

ನೀವೂ ಈಜಿದ ಮೇಲೆ ತಲೆ ವಾಲಿಸಿ ನೀರು ಇಳಿಸಿ, ಟವೆಲ್‌ನಿಂದ ಹೊರಗಷ್ಟೇ ಒರೆಸಿ. ನಿಮ್ಮ ಮನೆಯಲ್ಲಿ ಕಿವಿಗೆ ಪಿನ್ ಹಾಕುವವರು ಯಾರಿದ್ದಾರೆ? ಇವತ್ತೇ ಕೇಳಿ.